ಅತ್ತೆಗೆ ಮೀಸೆ ಬಂದಿದ್ದರೆ

ಭಾನುವಾರ ಬಳೇಪೇಟೆ ಅರ್ಧ ಕಣ್ಣು ಮುಚ್ಚಿರುತ್ತದೆ.
ಷಟರು ಮೊಣಕಾಲೆತ್ತರಕ್ಕೆ ಎತ್ತಿ
ಬಗ್ಗಿ ಒಳಗೆ ಬರುತ್ತೇನೆ, ನೆಂಟಳ ಹಾಗೆ,
ನಾನು ಅಂಬೆಗಾಲಿಟ್ಟ ಅಂಗಡಿಗೆ.
ಹಾರ್ಮೋನಿಯಂ, ಡಗ್ಗ, ಬ್ಯಾಂಡ್‌ಸೆಟ್ಟಿನ ತುತ್ತೂರಿ,
ಗಲ್ಲಾದ ಮೇಲೆ ಗೋಡೆಗೆ ಸಾಲಾಗಿ
ಮುತ್ತಜ್ಜ, ಅಜ್ಜ, ಅಪ್ಪ:
ಮೂರು ಮೀಸೆ, ಮೂರು ಗಂಧದ ಹಾರ,
ಆಮೇಲೊಂದು ಖಾಲಿ ಮೊಳೆ.

ಗುರುಮಲ್ಲೇಶನ ಮಗಳಿಗೆ ಪಾಠ ಹೇಳಬೇಕು.
ಅದೇನೋ ದೊಡ್ಡ ಸ್ಕೂಲು, ಇಂಗ್ಲೆಂಡಿನ ಸಿಲಬಸ್ಸು.
ಇವತ್ತು ಬಿಳಿ ಹಡಗು.
ಸಾವಿರದ ನೂರ ಇಪ್ಪತ್ತು, ನವೆಂಬರಿನ ರಾತ್ರಿ,
ಕುಡಿದ ಅಂಬಿಗರು, ಕುಡಿದ ರಾಜಕುಮಾರ,
ದಡದಿಂದ ಕೂಗಳತೆಯಲ್ಲೇ ಬಂಡೆ.
ದೊರೆಗಿದ್ದ ಒಬ್ಬನೇ ಪಟ್ಟದ ಮಗ ಮುಳುಗಿದ.
ಸೋದರಳಿಯ ಸ್ಟೀಫನ್ ಮಾತ್ರ
ಹಡಗು ಹೊರಡುವ ಮುಂಚೆ ಇಳಿದುಬಿಟ್ಟಿದ್ದ:
ಹೊಟ್ಟೆ ಕೆಟ್ಟಿತ್ತಂತೆ.

ಮಯೂರಿ ಕಿಸಕ್ಕನೆ ನಗುತ್ತಾಳೆ.
"ಅತ್ತೆ, ಅವನ ಹೊಟ್ಟೆ ಸರಿಯಿದ್ದಿದ್ದರೆ?"

ನನ್ನ ಬೆರಳು ಪುಟದ ಮೇಲೆ ನಿಲ್ಲುತ್ತದೆ.
ತಮ್ಮ ಷಡಕ್ಷರಿ ಹೋದ ರಾತ್ರಿ
ಅದೇ ಟೆಂಪೋದಲ್ಲಿ ಇವಳಪ್ಪನೂ ಇದ್ದ.
ತುಮಕೂರಿನ ಮದುವೆಗೆ ಬ್ಯಾಂಡ್‌ಸೆಟ್ಟು ಹೊರಟಿತ್ತು.
ಯಶವಂತಪುರದಲ್ಲಿ ಮೆಣಸಿನಕಾಯಿ ಬಜ್ಜಿ ತಿಂದು
ಗೊರಗುಂಟೆಪಾಳ್ಯದಲ್ಲಿ ಇಳಿದ, ಹೊಟ್ಟೆ ಹಿಡಿದುಕೊಂಡು.
ನೆಲಮಂಗಲ ದಾಟಿದ ಮೇಲೆ ಲಾರಿ.
ಇದು ನಾನು ಹೊಂದಿಸಿದ್ದಲ್ಲ. ಹೊಂದಿಸಿದ್ದರೆ
ಬಜ್ಜಿಯನ್ನು ಬಿಡುತ್ತಿದ್ದೆ.

ದೊರೆಗೆ ಉಳಿದವಳು ಮಗಳು, ಮಟಿಲ್ಡಾ.
ಪಾಳೆಯಗಾರರನ್ನೆಲ್ಲ ಕರೆಸಿ ಆಣೆ ಹಾಕಿಸಿದ.
ಅಪ್ಪನೂ ಹಾಕಿಸಿದರು.
ಚಿಕ್ಕಪ್ಪಂದಿರು ವಿಭೂತಿ ಮುಟ್ಟಿ,
ಬಾಬಾಜಾನ್ ಸಾಬರು ತಬಲದ ಮೇಲೆ ಕೈಯಿಟ್ಟು
ಅಂಗಡಿ ದಾಕ್ಷಾಯಣಿಗೇ ಅಂದರು.
ದೊರೆ ಹಾವುಮೀನು ತಿಂದು ಸತ್ತನಂತೆ,
ಅಪ್ಪ ವಿಕ್ಟೋರಿಯಾ ಆಸ್ಪತ್ರೆಯಲ್ಲಿ, ಬರೀ ಗಂಜಿ ಕುಡಿದು.
ಮಟಿಲ್ಡಾ ಕಡಲಿನಾಚೆ, ತುಂಬು ಬಸುರಿ.
ನಾನು ವಾಣಿವಿಲಾಸದ ಹೆರಿಗೆ ವಾರ್ಡಿನಲ್ಲಿ.
ಎರಡು ಆಸ್ಪತ್ರೆಗೂ ನಡುವೆ ಒಂದು ಗೋಡೆ,
ಅವತ್ತು ಅದೂ ಕಡಲೇ.
ಸ್ಟೀಫನ್ ಖಜಾನೆಯಿದ್ದ ಊರಿಗೆ ಓಡಿದ,
ಗುರುಮಲ್ಲೇಶ ಬೀಗದಕೈಗೆ.

ಹನ್ನೊಂದರ ಊಟದ ದಿನ, ಕೂಸನ್ನು ಹೊತ್ತು ಬಂದು
"ಅಪ್ಪ ಇನ್ನೂ ವಾರ ಬದುಕಿದ್ದಿದ್ದರೆ" ಅಂದೆ.
ಅವನು ಎಲೆಯಿಂದ ತಲೆಯೆತ್ತದೆ
"ಅತ್ತೆಗೆ ಮೀಸೆ ಬಂದಿದ್ದರೆ
ಚಿಕ್ಕಪ್ಪ ಅನ್ನಬಹುದಿತ್ತು" ಎಂದ.
ಪಂಕ್ತಿಯೆಲ್ಲ ನಕ್ಕಿತು.
ಸಾಬರು ಮಾತ್ರ ಮೂಲೆಯಲ್ಲಿ
ತಬಲದ ಅಂಚಿಗೆ ಸುತ್ತಿಗೆ ತಟ್ಟುತ್ತ ಕೂತಿದ್ದರು,
ಶ್ರುತಿ ಆಗಲೇ ಸೇರಿದ್ದರೂ.

ಇತಿಹಾಸದಲ್ಲಿ 'ರೆ' ಇಲ್ಲ ಮಕ್ಕಳೇ,
ಶ್ರೀರಾಂಪುರದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಹೇಳಿದೆ.
ಮನೆಗೆ ಬಂದು ಸೊಪ್ಪು ಬಿಡಿಸುತ್ತ
ಇಂಗ್ಲೆಂಡನ್ನು ಬಿಚ್ಚಿ ಮತ್ತೆ ಹೊಲಿದೆ.
ಲಂಡನ್ನಿನ ಜನ ತಿರುಗಿಬಿದ್ದ ದಿನ
ಅವಳು ಬಡಿಸಿದ ಊಟ ಬಿಟ್ಟು ಓಡಿದಳಲ್ಲ,
ಉಂಡೇ ಏಳುತ್ತೇನೆ ಎಂದಿದ್ದರೆ?
ಬಿಳಿ ಬಟ್ಟೆ ಹೊದ್ದು ಹಿಮದ ಮೇಲೆ ನಡೆದು
ಕಾವಲಿನ ಕಣ್ಣು ತಪ್ಪಿಸಿದ ರಾತ್ರಿ
ನಾಯಿಯೊಂದು ಬೊಗಳಿದ್ದರೆ?
ಬಸುರಿಯಾಗಿರದೇ ಇದ್ದಿದ್ದರೆ?
ಇಲ್ಲ, ಆ 'ರೆ' ನನಗೆ ಬೇಡ.
ಕೊನೆಗೆ ಅವಳ ಮಗನೇ ದೊರೆಯಾದ.
ನನ್ನ ಮಗನಿಗೆ ಸಂಗೀತವೆಂದರೆ ತಲೆನೋವು.

"ಹೇಳಿ ಅತ್ತೆ, ಹೊಟ್ಟೆ ಸರಿಯಿದ್ದಿದ್ದರೆ?"

ಸರಿಯಿದ್ದಿದ್ದರೆ ಅವನೂ ಮುಳುಗುತ್ತಿದ್ದ.
ಮಟಿಲ್ಡಾಳಿಗೆ ಕಿರೀಟ, ಹತ್ತೊಂಬತ್ತು ವರ್ಷದ ಕದನ ಇಲ್ಲ,
ಬಹುಶಃ ಬೇರೊಂದು ಕದನ.
ಅಲ್ಲಿಗೆ ನಿಲ್ಲಿಸುತ್ತೇನೆ.
ಮುಂದಿನ ಸಾಲು ಬಾಯಲ್ಲೇ ಉಳಿಯುತ್ತದೆ:
ಆಗ ಕೇಳುವುದಕ್ಕೆ ನೀನೇ ಇರುತ್ತಿರಲಿಲ್ಲ, ಮರಿ.

ಅವಳಾಗಲೇ ಪುಸ್ತಕ ಬದಿಗಿಟ್ಟು
ರಿಪೇರಿಗೆ ಬಂದ ಹಾರ್ಮೋನಿಯಂ ಬಿಚ್ಚಿದ್ದಾಳೆ.
ಒಂದೊಂದೇ ಹಿತ್ತಾಳೆ ನಾಲಗೆ ಮೀಟಿ
"ಇದು ಸುಳ್ಳು ಹೇಳ್ತಿದೆ," ಎಂದು ಅರ ಹಿಡಿಯುತ್ತಾಳೆ.
ಅಪ್ಪನ ಕಿವಿ.
ಗುರುಮಲ್ಲೇಶ ಷಟರಿನಡಿ ಬಗ್ಗಿ ಬರುತ್ತಾನೆ,
ಈಗೀಗ ಮೀಸೆ ಬೋಳಿಸಿದ್ದಾನೆ, ನರೆತದ್ದಕ್ಕೆ.
"ಅಪ್ಪಾ, ಆ ಮೊಳೆ ಯಾರಿಗೆ?"
ಅವನು ನನ್ನನ್ನು ನೋಡುವುದಿಲ್ಲ.
"ಕ್ಯಾಲೆಂಡರಿಗೆ," ಅನ್ನುತ್ತಾನೆ.